ಸರ್ ಕೈ ಎತ್ತಿದಾಗ

ಸರ್ ಅವರ ಬಲಗೈಯ ಹೆಬ್ಬೆರಳು ಮಡಚುತ್ತಿರಲಿಲ್ಲ. ಕೈಯನ್ನು ತಲೆಯ ಮೇಲೆತ್ತಿದರೆ ಅದೊಂದು ಬೇರೆಯಾಗಿ ಚಾಚಿಕೊಂಡು, ದೂರದಿಂದಲೂ ಅವರದೇ ಕೈ ಎಂದು ಗೊತ್ತಾಗುತ್ತಿತ್ತು. ಕೈ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಅದು ಅವರ ಕಾನೂನು.

ಮೂವತ್ತು ವರ್ಷ ಅವರು ಅರಬ್ಬೀ ಸಮುದ್ರದ ತಳ ನೋಡಿದವರು. ಹಿಂದೆಂದೋ ಭೂಮಿ ಹಿಗ್ಗಿ, ಸೀಳಿ, ಕುಸಿದು ಆದ ತಗ್ಗುಗಳು ಅಲ್ಲಿ ಕಿಲೋಮೀಟರ್‌ಗಟ್ಟಲೆ ಹೂಳಿನ ಕೆಳಗಿವೆ. ಹಡಗಿನಿಂದ ಶಬ್ದ ಕಳಿಸಿ, ಮರಳಿದ ಪ್ರತಿಧ್ವನಿಯಿಂದ ಅವುಗಳ ಚಿತ್ರ ತೆಗೆಯುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಉರ್ವಕ್ಕೆ ಬಂದ ಮೇಲೆ ನಮಗೆ ಪಾಠ ಮಾಡಿದರು. ಆ ಚಿತ್ರಗಳಲ್ಲಿ ಬಿರುಕಿನ ಗೆರೆಯನ್ನು ನಾನು ಆಸೆಯಿಂದ ಇನ್ನೂ ಆಳಕ್ಕೆ ಎಳೆದರೆ ರಬ್ಬರ್ ಮುಂದಿಡುತ್ತಿದ್ದರು. "ಅಲ್ಲಿ ನಿನಗೆ ಎಂತ ಕಾಣ್ತದೆ? ಕಾಣುವಲ್ಲಿವರೆಗೆ ಮಾತ್ರ ಎಳಿ."

ಅದೇ ವಿದ್ಯೆಯನ್ನು ಸಣ್ಣದಾಗಿ ಕಲಿಸಲು ದೇರೆಬೈಲಿನ ಒಂದು ಖಾಲಿ ಸೈಟಿಗೆ ಕರೆದೊಯ್ಯುತ್ತಿದ್ದರು. ನೆಲದ ಕಂಪನ ಹಿಡಿಯುವ ಇಪ್ಪತ್ತನಾಲ್ಕು ಸೆನ್ಸಾರುಗಳನ್ನು ಸಾಲಾಗಿ ಚುಚ್ಚಿ, ಒಂದು ತುದಿಯಲ್ಲಿ ಉಕ್ಕಿನ ತಟ್ಟೆಗೆ ಸುತ್ತಿಗೆಯಿಂದ ಹೊಡೆಯುವುದು. ಯಾರಾದರೂ ನಡೆದರೆ ಹೆಜ್ಜೆಯೂ ಯಂತ್ರದಲ್ಲಿ ದಾಖಲಾಗಿ ಪರದೆಯ ಮೇಲೆ ಮೂಡುತ್ತದೆ. ಆಗ ಸರ್ ಬೈಯುತ್ತಿದ್ದರು:

"ಎಂತ ಮಾರಾಯ್ತಿ, ಡ್ಯಾನ್ಸ್ ಉಂಟಾ ಇವತ್ತು? ಅಳಿಸು ಅದನ್ನು."

ಮಳೆ ಬಿಟ್ಟ ಮಾರನೆಯ ಬೆಳಿಗ್ಗೆ ನಾನೂ ಗೆಳತಿಯೂ ಸಾಲಿನ ಕೊನೆಯಲ್ಲಿದ್ದೆವು. ಬೆನ್ನಿಗೆ, ಕಟ್ಟಡಕ್ಕಾಗಿ ನೆಟ್ಟಗೆ ಕತ್ತರಿಸಿದ ಕೆಂಪುಕಲ್ಲಿನ ಗುಡ್ಡ. ಸರ್ ಆ ತುದಿಯಲ್ಲಿ, ಸುತ್ತಿಗೆಯ ಬಳಿ. ಮೇಲಿನ ರಸ್ತೆಯಲ್ಲಿ ಸಿಟಿ ಬಸ್ಸು ಬಂತು. ಸರ್ ಕೈ ಎತ್ತಿದರು. ಬಾಯಿ ಆಡುತ್ತಿತ್ತು, ಬಸ್ಸಿನ ಸದ್ದಿಗೆ ಏನೂ ಕೇಳಿಸಲಿಲ್ಲ. ಬಸ್ಸು ದಾಟುವವರೆಗೆ ನಿಲ್ಲಿ ಎನ್ನುತ್ತಿದ್ದಾರೆಂದುಕೊಂಡೆವು.

"ಅಲ್ಲಾಡ್ಬೇಡ, ಬೈತಾರೆ," ಎಂದಳು ಗೆಳತಿ.

ಕೈ ಇಳಿಯಿತು. ಸರ್ ನಮ್ಮ ಕಡೆ ಓಡತೊಡಗಿದರು. ಸಾಲಿನ ಪಕ್ಕ ಅವರು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಗಲೂ ನಿಂತೇ ಇದ್ದೆ. ಅದನ್ನೇ ದಿನವೂ ನೆನೆಯುತ್ತೇನೆ. ಬಂದವರೇ ಇಬ್ಬರನ್ನೂ ಬದಿಗೆ ನೂಕಿದರು. ನಾನು ಬಿದ್ದು ತಿರುಗಿದಾಗ ಅವರಿದ್ದಲ್ಲಿ ಕುಸಿದ ಗುಡ್ಡವಿತ್ತು.

ಉರ್ವದ ಮನೆಯಲ್ಲಿ ಅವರ ಹೆಂಡತಿ ಕೇಳಿದರು: "ಕೊನೆಗೆ ಎಂತ ಹೇಳಿದ್ರು ಅವರು?"

"ಕೇಳಿಸ್ಲಿಲ್ಲ ಆಂಟಿ."

ಯಂತ್ರ ಮಾತ್ರ ಕೇಳುತ್ತಲೇ ಇತ್ತು. ಆ ದಿನದ ದಾಖಲೆ ನನ್ನಲ್ಲಿದೆ. ಮೊದಲು ಬಸ್ಸು. ನಾವು ನಿಂತಿದ್ದ ಕೊನೆಯ ಸೆನ್ಸಾರುಗಳ ಬಳಿ ಒಂದು ಹೆಜ್ಜೆಯೂ ಇಲ್ಲ, ಅಷ್ಟು ವಿಧೇಯರಾಗಿದ್ದೆವು. ಆಮೇಲೆ ಒಂದನೆಯ ಸೆನ್ಸಾರಿನಿಂದ ಹೆಜ್ಜೆಗಳು, ಎರಡು, ಮೂರು, ಒಂದೊಂದನ್ನೇ ದಾಟಿ, ಪರದೆಯಲ್ಲಿ ಓರೆ ಗೆರೆಯಾಗಿ ಇಪ್ಪತ್ತನಾಲ್ಕರವರೆಗೆ. ಅಲ್ಲಿಂದಾಚೆ ಗುಡ್ಡ ಬಿದ್ದ ಕಂಪನಕ್ಕೆ ಪರದೆಯೆಲ್ಲ ಕಪ್ಪು.

ಸರ್ ಇದ್ದಿದ್ದರೆ ಅಳಿಸು ಎನ್ನುತ್ತಿದ್ದರು. ನಾನು ಅಳಿಸಿಲ್ಲ.