ತಮ್ಮ ಉಣ್ಣೆಗೆ ತಾವು ಕೈಯಿಡದ ಜರಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಜರಡಿಯಕ್ಕ ಉಣ್ಣೆಯ ರಾಶಿಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಇವರ ಕುರಿತು ಬರೆಯಲು ಬಂದ ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಆಮೇಲೆ ಕೈ ಹೊರತೆಗೆದು ಬೆರಳುಗಳನ್ನು ಕೆನ್ನೆಗೆ ಒತ್ತಿ ತೇವ ನೋಡಿಕೊಂಡು, "ಹೂಂ, ಇದು ಲಾರಿಗೆ ಹೋಗ್ಲಿ" ಎನ್ನುತ್ತಾರೆ. ಪಕ್ಕದಲ್ಲಿ ಕಾಯುತ್ತಿದ್ದ ಆ ಉಣ್ಣೆಯ ಯಜಮಾನನ ಮುಖ ಸಡಿಲವಾಗುತ್ತದೆ.

ಕುರಿ ಸಾಕುವ ಹದಿನೆಂಟು ಮನೆಯವರು ಕೂಡಿ ಕಟ್ಟಿಕೊಂಡ ಗುಂಪು ಇದು. ತಮ್ಮದೊಂದು ಬಿಟ್ಟು ಯಾರದೇ ಉಣ್ಣೆಯಾದರೂ ಮೂಟೆಯಾಗುವ ಮುನ್ನ ಇವರ ಕೈ ದಾಟಬೇಕು. ಕಸ, ಮುಳ್ಳು, ತೇವ ಯಾವುದೂ ನುಸುಳದ ಕಾರಣ 'ಜರಡಿ' ಎಂಬ ಹೆಸರು ಬಿದ್ದಿದೆ. ಮೊದಲು ಬೆನ್ನ ಹಿಂದೆ ಆಡಿಕೊಳ್ಳಲು ಇಟ್ಟ ಹೆಸರು. ಈಗ ಅಕ್ಕ ಸೇರಿಸಿ ಎದುರಿಗೇ ಕರೆಯುತ್ತಾರೆ, ಇವರೂ ಓಗೊಡುತ್ತಾರೆ. ಮುಳ್ಳು ಕಿತ್ತು ಕಿತ್ತು ಬೆರಳ ತುದಿಗಳೆಲ್ಲ ಗಾಯ. ಇಲ್ಲಿಯ ಕೆಲಸ ಮುಗಿಸಿ ಮನೆಗೆ ಹೋದರೆ ತಮ್ಮ ಕುರಿಗಳ ಚಾಕರಿ ಬೇರೆ ಕಾದಿರುತ್ತದೆ.

ಒಬ್ಬೊಬ್ಬರೇ ಮಾರುತ್ತಿದ್ದ ಕಾಲದಲ್ಲಿ ವ್ಯಾಪಾರಿ ಗಾಡಿಯಿಂದ ಇಳಿಯುತ್ತಲೂ ಇರಲಿಲ್ಲ, ಅವನು ಕೂತಲ್ಲಿಂದ ಹೇಳಿದ್ದೇ ದರ. "ಗಾಡಿಯಿಂದ್ಲೇ ಕೈ ಚಾಚಿ ಒಂದು ಹಿಡಿ ಕಿತ್ತು, ಮೂಸಿ, ಬಿಸಾಕೋನು. ವರ್ಷಪೂರ್ತಿ ಸಾಕಿದ್ದು ನೆಲದ ಮೇಲೆ ಬಿದ್ದಿರೋದು ನೋಡಿದ್ರೆ ಹೊಟ್ಟೆ ಉರೀತಿತ್ತು" ಎನ್ನುತ್ತಾರೆ ಅಕ್ಕ. ಈಗ ಎಲ್ಲರ ಉಣ್ಣೆ ಒಟ್ಟಾಗಿ ಲಾರಿಯಲ್ಲಿ ನೇರ ಗಿರಣಿಗೆ ಹೋಗುತ್ತದೆ.

ಒಗ್ಗಟ್ಟಿನಲ್ಲಿ ಬಲವಿದೆ ಎಂದು ಗೋಡೆಯ ಮೇಲೆ ಬರೆಯುವುದು ಸುಲಭ. ಆದರೆ ಒಂದು ಮನೆಯ ಉಣ್ಣೆ ಹಸಿಯಿದ್ದರೆ ಸಾಕು, ಮೂಟೆ ಒಳಗೊಳಗೇ ಬಿಸಿಯೇರಿ ಹಳದಿಗೆ ತಿರುಗುತ್ತದೆ. ಆಗ ಗಿರಣಿಯವರು ಇಡೀ ಲಾರಿಯನ್ನೇ ಹಿಂದಕ್ಕೆ ಕಳಿಸುತ್ತಾರೆ. ಗುಂಪಿನ ಮೊದಲ ಲಾರಿ ಹಾಗೆಯೇ ವಾಪಸ್ಸು ಬಂತು. ಅಂದು ಪ್ರತಿಯೊಬ್ಬರೂ ತಮ್ಮ ಉಣ್ಣೆ ತಾವೇ ಮುಟ್ಟಿ, ಒಣಗಿದೆ ಎಂದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ಹುಟ್ಟಿದ್ದು ಈ ಕಟ್ಟಳೆ: ತನ್ನ ಉಣ್ಣೆಯನ್ನು ತಾನು ನೋಡುವಂತಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ನಮ್ಮ ಉಣ್ಣೆ ನಮ್ಮ ಕೈಗೆ ಯಾವತ್ತೂ ಒಣಗೇ ಇರುತ್ತೆ" ಎಂದು ಅಕ್ಕ ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ಇವರ ಸ್ವಂತ ಅಣ್ಣ, ಲಾರಿ ತಪ್ಪೀತೆಂಬ ಅವಸರದಲ್ಲಿ, ಕುರಿಗಳ ಬೆನ್ನಿನ ಇಬ್ಬನಿ ಆರುವ ಮೊದಲೇ ಉಣ್ಣೆ ಕತ್ತರಿಸಿ ತಂದಿದ್ದರು. ಎಲ್ಲರೆದುರು ಇವರು ಅದನ್ನು ಪಕ್ಕಕ್ಕಿಟ್ಟರು. ನನ್ನ ಮರ್ಯಾದೆ ತೆಗೆದೆ ಎಂದು ಅಣ್ಣ ಗುಂಪನ್ನೇ ಬಿಟ್ಟು ಹೋದರು.

"ಅಪ್ಪ ಹೋದ್ಮೇಲೆ ನನ್ನ ಸಾಕಿದೋನು. ಬಿಟ್ಟುಬಿಡು, ಒಂದು ಮೂಟೆ ತಾನೇ ಅಂತ ಮನಸ್ಸು ಹೇಳ್ತಿತ್ತು. ಕೈ ಕೇಳ್ಲಿಲ್ಲ" ಎನ್ನುವಾಗ ಅವರು ಕಣ್ಣು ತಪ್ಪಿಸುತ್ತಾರೆ.

ಈ ವರ್ಷ ಅಣ್ಣ ಗುಂಪಿಗೆ ಮರಳಿದ್ದಾರೆ. ಇಂದು ಅವರ ಉಣ್ಣೆ ಪಾಸೂ ಆಗಿದೆ. ಆದರೆ ತಂಗಿಯ ಜೊತೆ ಮಾತಿಲ್ಲ. ಮೂತಿ ಬಿಗಿದುಕೊಂಡು ಆಚೆ ಮೆಟ್ಟಿಲ ಮೇಲೆ ಕೂತಿದ್ದಾರೆ. "ನೀರು ಕುಡಿತೀಯಾ ಅಂತ ಕೇಳಿದ್ರೂ ಲಾರಿ ಕಡೆ ನೋಡ್ತಾನೆ" ಎಂದು ಅಕ್ಕ ಮೆಲ್ಲಗೆ ಹೇಳುತ್ತಾರೆ.

ಬಿಸಿಲೇರಿದೆ. ಹೊರಗೆ ಲಾರಿ ತುಂಬುತ್ತಿದೆ. ಉಳಿದಿರುವುದು ಮೂಲೆಯಲ್ಲಿರುವ ಅಕ್ಕನ ಉಣ್ಣೆ ಮಾತ್ರ. ಪ್ರತಿ ಸಲ ಅದನ್ನು ಮುಟ್ಟಿ ನೋಡುತ್ತಿದ್ದವರು ಗುಂಪಿನ ಹಿರಿಯ ಅಜ್ಜ. ಕಾಯಿಲೆ ಬಿದ್ದೆದ್ದ ಮೇಲೆ ಇದೇ ಮೊದಲ ಸಲ ಬಂದಿದ್ದಾರೆ. ರಾಶಿಯೊಳಗೆ ಕೈಯಿಟ್ಟು ಬಹಳ ಹೊತ್ತು ನಿಂತು, ಅಡ್ಡಡ್ಡ ತಲೆಯಾಡಿಸುತ್ತಾರೆ. "ಬೆರಳು ಜೋಮು ಹಿಡಿದುಬಿಟ್ಟಿದೆ ಕಣಮ್ಮ. ಏನೂ ಗೊತ್ತಾಗ್ತಿಲ್ಲ."

ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಜರಡಿಯನ್ನೇ ಜರಡಿ ಹಿಡಿಯುವವರು ಯಾರು? "ನಿಮ್ಮದರಲ್ಲಿ ನೋಡೋದೇನಿದೆ ಅಕ್ಕಾ, ಹಾಕ್ರಿ ಲಾರಿಗೆ" ಎಂದು ಒಬ್ಬರು ಹೇಳುತ್ತಾರೆ.

"ಬೇಡ. ನೋಡದೆ ಹೋಗ್ಬಾರ್ದು. ಉಳೀಲಿ ಬಿಡಿ" ಎನ್ನುತ್ತಾರೆ ಅಕ್ಕ.

ಆಗ ಮೆಟ್ಟಿಲ ಮೇಲಿಂದ ಅಣ್ಣ ಏಳುತ್ತಾರೆ. ಯಾರ ಮುಖವನ್ನೂ ನೋಡದೆ ಬಂದು, ಅಂಗಿಯ ತೋಳು ಮಡಿಸಿ, ತಂಗಿಯ ಉಣ್ಣೆಯೊಳಗೆ ಕೈಯಿಡುತ್ತಾರೆ. ಕಣ್ಣು ಮುಚ್ಚುತ್ತಾರೆ.

"ಇನ್ನೊಂದು ಬಿಸಿಲು ಬೇಕು ಪುಟ್ಟಿ" ಎನ್ನುತ್ತಾರೆ ಅಣ್ಣ.

ಲಾರಿ ಅಕ್ಕನ ಉಣ್ಣೆ ಬಿಟ್ಟು ಹೊರಡುತ್ತದೆ. ಅಣ್ಣ ತಂಗಿ ಇಬ್ಬರೂ ಆ ರಾಶಿಯನ್ನು ಆಚೆ ಹೊತ್ತು ತಂದು, ಬಿದಿರಿನ ಗಳುಗಳ ಮೇಲೆ ಹರಡುತ್ತಾರೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಎರಡು ವರ್ಷಕ್ಕೆ ಬಾಯಿ ಬಿಟ್ಟ ನೋಡಿ, ಅದೂ ನನ್ನ ತಪ್ಪು ತೋರ್ಸೋಕೆ! ಮುಂದಿನ ಸಲ ಎರಡೂ ಮನೆ ಕುರಿ ಒಂದೇ ಅಂಗಳದಲ್ಲಿ ಕತ್ತರಿಸ್ಬೇಕು. ಅಷ್ಟೇ ನನ್ನಾಸೆ."

ಅಣ್ಣ ನೀರು ಕುಡಿಯಲು ಅತ್ತ ಹೋದಾಗ, ಅದು ನಿಜವಾಗಿಯೂ ಹಸಿಯಿತ್ತೇ ಎಂದು ಕೇಳುತ್ತೇನೆ.

ಅಕ್ಕ ನನ್ನನ್ನು ದಿಟ್ಟಿಸಿ ನೋಡುತ್ತಾರೆ. "ನನ್ನ ಕೈಗೆ ಒಣಗಿತ್ತು. ಅವನ ಕೈಗೆ ಹಸಿಯಿತ್ತು ಅಂದ್ರೆ, ಹಸಿನೇ."