ಅಪ್ಪನ ರಟ್ಟೆಯ ತಾಯತ

ಅಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಹೊತ್ತು ನನ್ನನ್ನು ಬಿ.ಎ. ಓದಿಸಿದ. ಪ್ರತಿ ಮೊಹರಂನಲ್ಲಿ ಅವನ ರಟ್ಟೆಗೆ ಹೊಸ ದಾರದಿಂದ ಬಿಗಿಯಾಗಿ ತಾಯತ ಕಟ್ಟಿಸುತ್ತಿದ್ದೆವು. ಎಂಬತ್ತರ ದಶಕದಲ್ಲಿ ಒಂದು ವರ್ಷ, ಮುಂದಿನ ಮೊಹರಂ ಬರುವ ಮೊದಲೇ ಅದು ಮೊಣಕೈಗೆ ಜಾರಿತು. ಹೊಟ್ಟೆ ಬಂದಿತ್ತು, ಕುಳಿತರೆ ಏಳಲು ಆಗುತ್ತಿರಲಿಲ್ಲ. ದವಾಖಾನೆಗೆ ಕರೆದೊಯ್ದೆ.

ನಮ್ಮ ಓಣಿ ಯಾವುದೆಂದು ಕೇಳಿ ಜಾತಿ ತಿಳಿದುಕೊಂಡ ಡಾಕ್ಟರು ಮೇಜಿನಾಚೆಯಿಂದಲೇ ತೂಕದ ಯಂತ್ರ ತೋರಿಸಿದರು. ಮುಳ್ಳನ್ನೂ ನಾನು ಹಿಡಿದು ತೋರಿಸಿದ ಹೋದ ವರ್ಷದ ಚೀಟಿಯನ್ನೂ ನೋಡಿ, "ತೂಕ ಹೋದ ವರ್ಷದಷ್ಟೇ ಅದ. ವಯಸ್ಸಾಗ್ಯದ, ಮತ್ತೇನಿಲ್ಲ," ಎಂದರು.

"ಅದು ಹೊಟ್ಟಿ ತೂಕರೀ. ರಟ್ಟಿ ಪೂರಾ ಕರಗ್ಯದ. ಒಮ್ಮಿ ಹಿಡಿದು ನೋಡ್ರಿ," ಎಂದೆ.

ಅವರ ಕೈ ಮುಂದೆ ಬರಲಿಲ್ಲ. "ನೀ ಏನ್ ಡಾಕ್ಟರೇನು?"

"ಅಲ್ರಿ, ಬಿ.ಎ. ಓದೀನಿ. ಮುಟ್ಟಲಾರದ ಹೆಂಗ ಗೊತ್ತಾತ್ರಿ ನಿಮಗ?"

"ಸುಮ್ನಿರೋ ಯಪ್ಪಾ, ಹೋಗೂಣ ನಡಿ," ಎಂದು ತೂಕ ಮುಗಿಸಿ ನೆಲದ ಮೇಲೆ ಕುಳಿತಿದ್ದ ಅಪ್ಪ ಏಳಲು ಹೋದ, ಆಗಲಿಲ್ಲ. ಡಾಕ್ಟರು ಅದನ್ನು ನೋಡಿಯೂ ಮುಂದಿನವರನ್ನು ಕರೆದರು. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ನನ್ನ ಮುಷ್ಟಿಗೆ ಸಿಕ್ಕಿದ್ದು ಬರೀ ಎಲುಬು ಮತ್ತು ತೊಗಲು.

ಮೈಯಲ್ಲಿ ಮಾಂಸಖಂಡ ಎಷ್ಟಿದೆ ಎಂದು ಅಳೆಯುವ ಯಂತ್ರ ಆಗ ನಮ್ಮ ಕಡೆ ಇರಲಿಲ್ಲ ಎಂದು ಈಗಿನವರು ಹೇಳುತ್ತಾರೆ. ಇರಲಿಲ್ಲ, ನಿಜ. ಡಾಕ್ಟರಿಗೆ ಕೈ ಇದ್ದವಲ್ಲ?