ಅರಮನೆಗೆ ಬಂದ ಸೊಸೆ

ಕೊಲ್ಲಿನಾಡಿನ ಖುರುಮ್‌ನಲ್ಲಿ ನಮ್ಮ ಆಫೀಸಿನ ಲಿಫ್ಟಿನೊಳಗೆ ಒಮ್ಮೊಮ್ಮೆ ಯಾರದೋ ಬಟ್ಟೆಯಿಂದ ಲೋಬಾನದ ಪರಿಮಳ ಬರುತ್ತದೆ. ಆಗೆಲ್ಲ ಇದೇ ನಾಡಿನ ಸುವೈಕ್‌ನಲ್ಲಿ ಅಪ್ಪನ ಅಂಗಡಿಯ ಹಿಂದಿದ್ದ ಮನೆ ಕಣ್ಣೆದುರು ನಿಲ್ಲುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಹುಡುಕಿದರೂ ಸಿಗದಂಥದ್ದು. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಅಜ್ಜಿ ಧೂಪ ಹಿಡಿದು ಕೋಣೆ ಕೋಣೆಗೂ ಹೋಗುತ್ತಿದ್ದರು. ಚಿಕ್ಕಪ್ಪನ ಕೋಣೆಯ ಬಾಗಿಲಿಂದ ಮಾತ್ರ ತಿರುಗಿ ಬರುತ್ತಿದ್ದರು. ನಾವು ಕರಾವಳಿಯ ಬ್ಯಾರಿ ಮುಸ್ಲಿಮರು. ಚಿಕ್ಕಪ್ಪ ಮದುವೆಯಾಗಿ ಕರೆತಂದ ಲಿಲ್ಲಿ ಚಿಕ್ಕಮ್ಮ ಉಡುಪಿಯ ಕೊಂಕಣಿ ಕ್ರಿಶ್ಚಿಯನ್, ನರ್ಸ್ ಕೆಲಸದಲ್ಲಿದ್ದವರು. ಆ ಕೋಣೆಯ ಗೋಡೆಯಲ್ಲಿ ಅವರ ಶಿಲುಬೆ ಇತ್ತು. ತವರಿನವರು ಅವರೊಡನೆ ಮಾತು ಬಿಟ್ಟಿದ್ದರು. ಅಜ್ಜಿ ಮಾತಾಡುತ್ತಿದ್ದರು, ಆದರೆ ಚಿಕ್ಕಮ್ಮ ಮಾಡಿದ ಮೀನುಸಾರು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ನಾನು ಪರೀಕ್ಷೆಗೆಂದು ಅಕ್ಬರನ ರಜಪೂತ ನೀತಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಮೀನು ಕೊಯ್ಯುತ್ತಿದ್ದ ಅಜ್ಜಿ ಅದೆಂತದೆಂದು ಕೇಳಿದರು. ಇಂಗ್ಲಿಷಿನಲ್ಲಿದ್ದುದನ್ನು ಬ್ಯಾರಿಯಲ್ಲಿ ಹೇಳಿದೆ: ತನ್ನೊಡನೆ ಸೇರಿಕೊಂಡ ರಾಜರಿಗೆ ಅವರವರ ರಾಜ್ಯ ಬಿಟ್ಟುಕೊಟ್ಟ, ದರ್ಬಾರಿನಲ್ಲಿ ದೊಡ್ಡ ಹುದ್ದೆ ಕೊಟ್ಟ, ಒಪ್ಪದವರ ಮೇಲೆ ಯುದ್ಧ ಮಾಡಿದ; ಅಂಬೇರಿನ ರಾಜಕುಮಾರಿಯನ್ನು ಮದುವೆಯಾಗಿ ಅವಳ ಪೂಜೆಗೆ ಅರಮನೆಯೊಳಗೇ ಅವಕಾಶ ಕೊಟ್ಟ.

ಅಜ್ಜಿಯ ಕೈ ನಿಂತಿತು. "ಅವಳ ತಾಯಿ ಮತ್ತೆ ಬಂದು ನೋಡಿದ್ರಾ?"

ಪುಸ್ತಕದಲ್ಲಿ ಇಲ್ಲ ಎಂದೆ.

"ರಾಜರದ್ದೆಲ್ಲ ಉಂಟು. ಆ ಹುಡುಗಿಗೆ ಎಂತ ಆಯ್ತು ಅಂತ ಇಲ್ವಾ?"

ಡ್ಯೂಟಿ ಮುಗಿಸಿ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ನೇರ ಕೋಣೆಗೆ ಹೋದರು. ಅಜ್ಜಿ ಕೈ ತೊಳೆದು ಹಿಂದೆಯೇ ಹೋದರು. ಆ ಹೊಸಿಲು ದಾಟಿದ್ದು ಅದೇ ಮೊದಲು. ನಿನ್ನ ತಾಯಿಗೆ ಫೋನ್ ಹಚ್ಚಿ ಕೊಡು ಎಂದರು. ಚಿಕ್ಕಮ್ಮ ನಂಬರ್ ಒತ್ತಿ ಕೊಟ್ಟರು. ಅಜ್ಜಿ ಇಬ್ಬರಿಗೂ ಬರುವ ತುಳುವಿನಲ್ಲಿ ಹೇಳಿದ್ದು ಇಷ್ಟೇ: "ನಾನು ಇವಳ ಅತ್ತೆ. ಇವಳು ಪ್ರಾರ್ಥನೆ ಬಿಟ್ಟಿಲ್ಲ, ನಾವು ಬಿಡಿಸುವುದೂ ಇಲ್ಲ. ನೀವು ಮಗಳನ್ನು ಬಿಡ್ಬೇಡಿ." ಆಚೆಯಿಂದ ಏನು ಕೇಳಿಸಿತೋ, ಅಜ್ಜಿ ಫೋನನ್ನು ಚಿಕ್ಕಮ್ಮನ ಕಿವಿಗಿಟ್ಟು, ಬಾಗಿಲೆಳೆದು ಹೊರಗೆ ಬಂದರು.

ಮೀನುಸಾರು ಉಣ್ಣಲು ಅಜ್ಜಿಗೆ ಇನ್ನೂ ಕೆಲವು ತಿಂಗಳು ಬೇಕಾಯಿತು. ಆದರೆ ಶುಕ್ರವಾರ ಉಡುಪಿಯಿಂದ ಫೋನ್ ಬಂದರೆ ಆ ತಾಯಿ ಮಗಳಿಗಿಂತ ಮೊದಲು ಅಜ್ಜಿಯನ್ನೇ ಕರೆಯುತ್ತಿದ್ದರು. ಮಂಡಿನೋವು, ಮಳೆ, ಆಮೇಲೆ ಹುಟ್ಟಿದ ಮೊಮ್ಮಗುವಿನ ಕೆಮ್ಮು, ಮಾತು ಮುಗಿಯುತ್ತಿರಲಿಲ್ಲ.

ಆ ಮನೆಯನ್ನು ರಸ್ತೆಗೆಂದು ಕೆಡವಿದರು. ಅಜ್ಜಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಮಂಗಳೂರಿಗೆ ಮರಳಿ, ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿ ಚಿಕ್ಕಮ್ಮನ ತಾಯಿ ಬಸ್ಸು ಹಿಡಿದು ಒಬ್ಬರೇ ಬಂದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಅಜ್ಜಿಯ ತಲೆಯ ಬಳಿ ಕೂತು, ಮುಖದ ಬಟ್ಟೆ ಸರಿಸಲು ಮಗಳಿಗೆ ಹೇಳಿದರು.

"ನಾನು ಇವರನ್ನು ನೋಡಿಯೇ ಇರ್ಲಿಲ್ಲ," ಎಂದರು.